ಅತಿಥಿ ವೃಕ್ಷ

ಹರಿಹರದಿಂದ ಒಬ್ಬ ಸೋದರಿಯವರು ನಮಗೆ ಕಾಗದ ಬರೆದಿದ್ದಾರೆ. ಅವರ ಮನೆಯ ಮುಂದಿನ ಬೀದಿಗೆ ಈ ಗೋಡೆಯಿಂದ ಆ ಗೋಡೆಯವರೆಗೆ ಸಿಮೆಂಟು ಹಾಕಿಬಿಟ್ಟಿದ್ದಾರಂತೆ. ಒಂದು ತುಳಸಿಯ ಕಡ್ಡಿ ಊರುವುದಕ್ಕೂ ಮಣ್ಣು ಉಳಿದಿಲ್ಲವಂತೆ. ದೊಡ್ಡ ತೊಟ್ಟಿಗಳಲ್ಲಿ ಮರ ಬೆಳೆಸಿ, ಬೇಕಾದಲ್ಲಿಗೆ ಸಾಗಿಸಿ ಬೀದಿಗೆ ನೆರಳು ಮಾಡುವ ಪದ್ಧತಿಯು ಪರದೇಶಗಳಲ್ಲಿ ಉಂಟೆಂದು ಅವರ ಮಗನು ಹೇಳಿದನಂತೆ. “ಇದು ನಮ್ಮಲ್ಲಿ ನಡೆಯುವ ಮಾತೆ, ಅಥವಾ ಬರಿಯ ಶೋಕಿಯೆ? ತಾವು ಸಂಸ್ಕೃತ ಓದಿದವರು, ಶಾಸ್ತ್ರದಲ್ಲಿ ಏನಿದೆ ಎಂಬುದನ್ನೂ ತಿಳಿಸಬೇಕು” ಎಂದು ಅವರ ಅಪ್ಪಣೆ.

ಶಾಸ್ತ್ರದ ಮಾತು ಹಿಂದೆ ಬರಲಿ. ಈ ವಿಷಯದಲ್ಲಿ ನಮಗೆ ಸ್ವಾನುಭವವೇ ಉಂಟು; ಅದರಲ್ಲಿ ನಾವು ತಲೆ ತಗ್ಗಿಸಬೇಕಾದ ಭಾಗವೂ ಉಂಟು. ಅದನ್ನು ಮುಚ್ಚಿಟ್ಟು ಬರಿಯ ಶ್ಲೋಕಾರ್ಥವನ್ನು ಬರೆದು ಕಳುಹಿಸುವುದು ನಮ್ಮ ವಾಚಕರಿಗೆ ಮಾಡತಕ್ಕ ಉಪಚಾರವಲ್ಲ.

ದಾವಣಗೆರೆಯ ಹಳೆಯ ಬಡಾವಣೆಯೊಂದರಲ್ಲಿ ನಮ್ಮ ಮನೆ. ಬಾಗಿಲ ಮುಂದೆ ಒಂದು ಹೊಂಗೆಯ ಮರವಿದ್ದಿತು. ನೆಟ್ಟವರು ಯಾರೋ ತಿಳಿಯದು. ನಾವು ಆ ಮನೆಗೆ ಬರುವಾಗಲೇ ಅದರ ಕಾಂಡವು ಒಬ್ಬನ ತೆಕ್ಕೆ ತುಂಬುವಷ್ಟಾಗಿದ್ದಿತು. ಮಾಘ ಕಳೆಯುತ್ತಲೇ ಹಳೆಯ ಎಲೆಗಳನ್ನು ಉದುರಿಸಿ, ಯುಗಾದಿಯ ಹೊತ್ತಿಗೆ ಎಣ್ಣೆ ಸವರಿದಂತಹ ಚಿಗುರನ್ನು ತೊಟ್ಟು, ಬೀದಿಯೆಲ್ಲ ಕಾದ ಕಾವಲಿಯಾಗುವ ವೇಳೆಗೆ ಸರಿಯಾಗಿ ಅದು ನೆರಳನ್ನು ಸಿದ್ಧಮಾಡಿಕೊಡುತ್ತಿದ್ದಿತು. ಆ ನೆರಳಿನಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕು ಒಬ್ಬ ಮುದುಕಿಯು ಸೊಪ್ಪಿನ ಬುಟ್ಟಿಯನ್ನಿಟ್ಟುಕೊಂಡು ಕುಳಿತಿರುತ್ತಿದ್ದಳು. ಹರಿಹರದ ಕಡೆಯ ಹೊಳೆದಂಡೆಯ ಹಳ್ಳಿಯೊಂದರಿಂದ ಬೆಳಗಿನ ಮೊದಲ ಬಸ್ಸಿಗೆ ಬರುವಳು. ಮಧ್ಯಾಹ್ನಕ್ಕೆ ಬುಟ್ಟಿ ಬರಿದುಮಾಡಿಕೊಂಡು ಹಿಂದಿರುಗುವಳು. ಬೀದಿಯವರಿಗೆಲ್ಲ ಆಕೆ ಸೊಪ್ಪಿನಮ್ಮ.

2022ರಲ್ಲಿ ನಮ್ಮ ಬೀದಿಗೂ ಸಿಮೆಂಟಿನ ಭಾಗ್ಯ ಬಂದಿತು. ಮರವು ಅಡ್ಡವಾಗುವುದೆಂದು ಕಾಮಗಾರಿಯವರು ಹೇಳಿದರು. ಒಂದು ಬೆಳಗಿನ ಒಳಗೆ ಅದನ್ನು ಉರುಳಿಸಿ, ತುಂಡುಮಾಡಿ, ಲಾರಿಗೆ ಹೇರಿದರು. ನಗರದಲ್ಲಿ ಮರವನ್ನು ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ ವೃಕ್ಷಾಧಿಕಾರಿಯ ಅನುಮತಿ ಬೇಕು, ಕಡಿದುದಕ್ಕೆ ಪ್ರತಿಯಾಗಿ ಗಿಡಗಳನ್ನು ನೆಡಿಸುವ ಅಧಿಕಾರವೂ ಆತನಿಗೆ ಉಂಟು ಎಂಬ ಸಂಗತಿಯನ್ನು ನಾವು ಆಮೇಲೆ ಓದಿ ತಿಳಿದೆವು. ಅನುಮತಿಯ ಕಾಗದ ಎಲ್ಲಿ ಎಂದು ಆ ಹೊತ್ತು ಕೇಳಬಹುದಾಗಿದ್ದಿತು. ನಾವು ಗೇಟು ಹಿಡಿದು ನಿಂತು ನೋಡಿದೆವು, ಅಷ್ಟೆ.

ಮಾರನೆಯ ದಿನದಿಂದ ಸೊಪ್ಪಿನಮ್ಮನ ಸಂಚಾರ ಆರಂಭವಾಯಿತು. ಬೆಳಗ್ಗೆ ಹಿಟ್ಟಿನ ಗಿರಣಿಯ ಗೋಡೆಯ ನೆರಳು. ಅದು ಕುಗ್ಗಿದ ಮೇಲೆ ನಮ್ಮ ಮೆಟ್ಟಿಲ ಮೂಲೆ. ಅಲ್ಲಿಗೂ ಬಿಸಿಲು ಬಂದಾಗ ನಿಂತಿದ್ದ ಯಾವುದಾದರೊಂದು ವಾಹನದ ಮರೆ. ವಾಹನದವನು ಬಂದರೆ ಏಳಬೇಕು. ಪೇಟೆಯ ಗೃಹಿಣಿಯರಿಗೆ ಗೊತ್ತಿರುವ ಲೆಕ್ಕವೇ ಇದು: ಹತ್ತು ಗಂಟೆಗೆ ಕೊತ್ತಂಬರಿಯ ಮೇಲೆ ಬಿಸಿಲು ಬಿದ್ದರೆ ಹನ್ನೊಂದಕ್ಕೆ ಅರ್ಧ ಬೆಲೆ, ಹನ್ನೆರಡಕ್ಕೆ ದನದ ಪಾಲು. ಮರವೊಂದು ಹೋದುದರಿಂದ ನಮಗೆ ಸೆಕೆ ಹೆಚ್ಚಿತು. ಆಕೆಗೆ ದಿನದ ಸಂಪಾದನೆಯೇ ಕುಗ್ಗಿತು. ಈ ಎರಡರ ತಾರತಮ್ಯವನ್ನು ನಾವು ತಡವಾಗಿ ತಿಳಿದೆವು.

2024ರಲ್ಲಿ ನಾವು ಕೆಲಸದಿಂದ ನಿವೃತ್ತರಾದೆವು. ಅದೇ ವರ್ಷ ಯುಗಾದಿಯ ಸುಮಾರಿನಲ್ಲಿ, ಬೀದಿಯ ಕೊನೆಯಲ್ಲಿ ಗ್ಯಾರೇಜು ಇಟ್ಟಿರುವ ಸಾಹೇಬರು ಎಣ್ಣೆಯ ಡ್ರಮ್ಮುಗಳನ್ನು ನಡುವಿಗೆ ಕೊಯ್ದು, ಗುಜರಿಯಿಂದ ತಂದ ಕಬ್ಬಿಣದ ಗಾಲಿಗಳನ್ನು ಅವುಗಳ ತಳಕ್ಕೆ ಬೆಸುಗೆ ಹಾಕಿಸಿ ಐದು ತೊಟ್ಟಿಗಳನ್ನು ಮಾಡಿದರು. “ಮೇಷ್ಟ್ರೇ, ನೆಲ ಇಲ್ಲದಿದ್ದರೆ ಏನಂತೆ, ನೆಲವನ್ನೇ ತುಂಬಿಕೊಂಡು ಬರೋಣ” ಎಂದು ಅವರ ವಾದ. ನಮ್ಮ ಮೊಮ್ಮಗಳಂತೂ ಕುಣಿದಳು. “ಅಜ್ಜಾ, ಮರಕ್ಕೆ ಗಾಲಿ!” ಎಂದು ಬೀದಿಯ ಮಕ್ಕಳಿಗೆಲ್ಲ ಸಾರಿದಳು.

ನಮಗೆ ನಗೆ ಬಂದಿತು. ಅದೇಕೆಂದರೆ ನಾವು ಓದಿದ ಸಂಸ್ಕೃತದಲ್ಲಿ ಸ್ಥಾವರವೆಂದರೆ ನಿಂತಲ್ಲೇ ನಿಲ್ಲುವುದು, ಜಂಗಮವೆಂದರೆ ಚಲಿಸುವುದು. ಸ್ಥಾವರಕ್ಕೆ ಮೊದಲ ಉದಾಹರಣೆಯೇ ಮರ. ಶರಣರು ಈ ಎರಡು ಮಾತುಗಳಿಗೆ ಬೇರೆ ಅರ್ಥವನ್ನು ತುಂಬಿ ನಮ್ಮ ನಾಡಿಗೆ ಕೊಟ್ಟರು, ಅದು ಎಲ್ಲರೂ ಬಲ್ಲ ವಿಷಯ. ಆದರೂ ಮರವು ಗಾಲಿಯ ಮೇಲೆ ಹೋಗುವುದೆಂದು ಯಾವ ಕೋಶಕಾರನೂ ಎಣಿಸಿರಲಾರನು.

ಮರವು ಎಂದೂ ಸಾಗಲೇ ಇಲ್ಲವೆಂದು ಇದರ ಅರ್ಥವಲ್ಲ. ಸ್ವರ್ಗದಿಂದ ಪಾರಿಜಾತವನ್ನು ಕಿತ್ತು ತಂದ ಕೃಷ್ಣನ ಕಥೆಯನ್ನು ನಮ್ಮ ಮನೆಯ ಮಕ್ಕಳೆಲ್ಲ ಕೇಳಿದ್ದಾರೆ. ಕಥೆಯನ್ನು ಬಿಟ್ಟು ಶಾಸ್ತ್ರಕ್ಕೆ ಬಂದರೆ, ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ಮರವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಕ್ರಮವನ್ನು ಹೇಳಿದ್ದಾನೆ: ತುಪ್ಪ, ಲಾವಂಚ, ಎಳ್ಳು, ಜೇನು, ವಾಯುವಿಳಂಗ, ಹಾಲು, ಸಗಣಿ ಇವನ್ನು ಬೇರಿನಿಂದ ಕಾಂಡದವರೆಗೆ ಲೇಪಿಸಿ ಸಾಗಿಸತಕ್ಕದ್ದು ಎಂದು. ತುಪ್ಪ ಜೇನುಗಳನ್ನು ಮರಕ್ಕೆ ಬಳಿಯುವಷ್ಟು ಐಶ್ವರ್ಯ ನಮಗಿಲ್ಲ. ಆದರೆ ಕಿತ್ತ ಬೇರು ಗಾಯಗೊಂಡ ಶರೀರ, ಅದನ್ನು ಒಣಗಗೊಡದೆ ಒಯ್ಯಬೇಕು ಎಂಬ ತಾತ್ಪರ್ಯವು ಇಂದಿಗೂ ಸರಿಯೇ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಮರದಿಂದ ಮರಕ್ಕೆ ಇಪ್ಪತ್ತು ಮೊಳ ಅಂತರವು ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಕನಿಷ್ಠ. ಬೇರಿಗೆ ಬೇರು ಹೆಣೆದುಕೊಂಡು ಇಕ್ಕಟ್ಟಿನಲ್ಲಿ ಬೆಳೆದ ಮರಗಳು ಪೀಡಿತವಾಗಿ ಸರಿಯಾಗಿ ಫಲ ಕೊಡಲಾರವು. ಡ್ರಮ್ಮಿನ ಬಾಯಿಯಾದರೋ ಒಂದು ಮೊಳ ಚಿಲ್ಲರೆ! ಕನ್ನಡದಲ್ಲಿಯೂ ಸುಮಾರು 1025ರಷ್ಟು ಹಿಂದೆಯೇ ಚಾವುಂಡರಾಯನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಭಾಗವು ಮೀಸಲಾಗಿದೆ. ಅಡುಗೆ, ವೈದ್ಯ, ವಾಸ್ತು ಇವುಗಳ ಜೊತೆಗೆ ಗಿಡಮರಗಳ ಆರೈಕೆಯನ್ನೂ ಸಂಸಾರಸ್ಥನು ತಿಳಿದಿರಬೇಕೆಂದು ಆ ಗ್ರಂಥಕಾರನು ಬಗೆದನಷ್ಟೆ.

ಇನ್ನು ನಮ್ಮ ಐದು ತೊಟ್ಟಿಗಳ ಕಥೆ. ನಮ್ಮ ಗೇಟಿನ ಬಳಿ ಹೊಂಗೆ; ಗಿರಣಿಯವರ ಪಾಲಿಗೆ ಸಂಪಿಗೆ; ಮೂಲೆಯ ಮನೆಯವರಿಗೆ ನುಗ್ಗೆ; ಗ್ಯಾರೇಜಿನ ಮುಂದೆ ಬೇವು; ಐದನೆಯದು, ಮತ್ತೊಂದು ಹೊಂಗೆ, ಸೊಪ್ಪಿನಮ್ಮನಿಗೆ. ಆಕೆಗೆ ಕೊಡುವುದು ವ್ಯರ್ಥವೆಂದು ಒಬ್ಬಿಬ್ಬರು ಅಂದರು. ಬೀದಿಯಲ್ಲಿ ಮನೆಯಿಲ್ಲದವಳಿಗೆ ಮರವೇಕೆಂದು ಅವರ ಅಭಿಪ್ರಾಯ.

ಮೊದಲು ಸತ್ತುದು ಸಂಪಿಗೆ. ತಳಕ್ಕೆ ತೂತು ಹಾಕಿಸಲು ಮರೆತಿದ್ದರು. ನೀರು ಕೆಳಗೆ ನಿಂತು ಬೇರು ಕೊಳೆಯಿತು. ಗಿಡ ಬಾಡಿತೆಂದು ಗಿರಣಿಯವರು ಇನ್ನಷ್ಟು ನೀರು ಹಾಕಿದರು, ಪಾಪ. ನುಗ್ಗೆಯು ಎರಡು ದಿನಗಳಲ್ಲಿ ಮೇಕೆಯೊಂದರ ಆಹಾರವಾಯಿತು. ಮೂರನೆಯದಾಗಿ ಸತ್ತುದು ನಮ್ಮ ಹೊಂಗೆ.

2023ರ ಮಳೆಗಾಲ ಕೈಕೊಟ್ಟು, ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದುದರಿಂದ 2024ರ ಬೇಸಗೆ ಹೇಗಿದ್ದಿತೆಂಬುದನ್ನು ವಾಚಕರು ಮರೆತಿರಲಾರರು. ಸಾಧಾರಣ ವರ್ಷದಲ್ಲಿಯೇ ನಮ್ಮ ಕಡೆ ಬೀಳುವ ಮಳೆ 25 ಅಂಗುಲದ ಆಸುಪಾಸು. ಆ ವೈಶಾಖದಲ್ಲಿ ಹರಿಹರದಲ್ಲಿ ನಮ್ಮ ತಂಗಿಯ ಮಗಳ ಮದುವೆ. ಎರಡು ದಿನಕ್ಕೆಂದು ಹೋದವರು ಎಂಟು ದಿನ ಉಳಿದೆವು. ತೊಟ್ಟಿಯ ನೆನಪು ಬರಲಿಲ್ಲವೆಂದರೆ ಸುಳ್ಳಾಗುವುದು. ಮೂರನೆಯ ದಿನ ಬಂದಿತು; ಯಾರಾದರೂ ಒಂದು ಕೊಡ ನೀರು ಹಾಕಿಯಾರು ಎಂದುಕೊಂಡೆವು. ಸಂಜೆ ತುಂಗಭದ್ರೆಯ ದಂಡೆಯಲ್ಲಿ ಕುಳಿತು, ಸೊರಗಿದ ಹೊಳೆಯ ನಡುವೆ ಎದ್ದುನಿಂತ ಬಂಡೆಗಳನ್ನು ನೋಡುತ್ತ ಬೀಗರೊಡನೆ ಹರಟಿದೆವು. ದಾವಣಗೆರೆಯ ನಲ್ಲಿಗಳಲ್ಲಿ ಬರುವ ಹೊಳೆಯ ನೀರು ಅಲ್ಲಿಗೆ ಸಮೀಪದ ರಾಜನಹಳ್ಳಿಯಲ್ಲಿ ಎತ್ತಿದ ನೀರೇ. ಹದಿನಾಲ್ಕು ಕಿಲೋಮೀಟರು ಹಾದು ಅದು ನಮ್ಮ ಮನೆಯ ಬಾಗಿಲಿಗೆ ಬರುತ್ತದೆ. ನೀರು ಬಂದಿತು, ಹಾಕುವ ಕೈ ಬರಲಿಲ್ಲ. ಅರ್ಧ ಗಂಟೆಯ ಬಸ್ಸಿನ ದಾರಿ!

ಹಿಂದಿರುಗಿದಾಗ ಎಲೆಗಳೆಲ್ಲ ಗರಿಗರಿಯಾಗಿ ಸುರುಟಿಕೊಂಡಿದ್ದುವು. ಶಾಕುಂತಲದ ನಾಲ್ಕನೆಯ ಅಂಕದಲ್ಲಿ, ಆಶ್ರಮದ ಗಿಡಗಳಿಗೆ ನೀರೆರೆಯದೆ ತಾನು ನೀರನ್ನು ಮುಟ್ಟದಿದ್ದ ಮಗಳ ವಿಷಯವಾಗಿ ಕಣ್ವರು ತಪೋವನದ ಮರಗಳಿಗೇ ಹೇಳುವ ಶ್ಲೋಕವೊಂದುಂಟು. ಮೂವತ್ತು ವರ್ಷ ಅದನ್ನು ಪಾಠ ಹೇಳಿದವರು ನಾವು. ಅನ್ವಯ, ಪ್ರತಿಪದಾರ್ಥ, ತಾತ್ಪರ್ಯ ಎಲ್ಲವನ್ನೂ ಹುಡುಗರಿಂದ ಒಪ್ಪಿಸಿಕೊಂಡವರು. ನಮ್ಮ ಮೊಮ್ಮಗಳು ಒಣಗಿದ ಗಿಡವನ್ನು ನೋಡಿ ನಮ್ಮನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಾಗಿದ್ದಿತು.

ಉಳಿದುವು ಎರಡು. ಗ್ಯಾರೇಜಿನ ಬೇವು, ಮತ್ತು ಬೀದಿಯಲ್ಲಿ ಮನೆಯಿಲ್ಲದವಳ ಹೊಂಗೆ.

ತೊಟ್ಟಿಯ ಮರವು ನೆಲದ ಮರದಂತಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು. ನೆಲದ ಗಿಡಕ್ಕೆ ಒಂದೆರಡು ಬೇಸಗೆ ನೀರೆರೆದರೆ ಆಮೇಲೆ ಅದು ತನ್ನ ನೀರನ್ನು ತಾನೇ ಹುಡುಕಿಕೊಳ್ಳುವುದು. 2025ರ ನವೆಂಬರಿನಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕನವರು ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಪತಿಯೊಡನೆ ಕೊಡಗಳಲ್ಲಿ ನೀರು ಹೊತ್ತು ಆಲದ ಗಿಡಗಳನ್ನು ಸಾಕಿದರು; ಆ ಗಿಡಗಳು ಒಮ್ಮೆ ಬೇರು ಬಿಟ್ಟ ಮೇಲೆ ಅವರನ್ನು ನೀರು ಕೇಳಲಿಲ್ಲ. ತೊಟ್ಟಿಯ ಮರವು ತಾನಿರುವಷ್ಟು ದಿನವೂ ಕೇಳುವುದು. ಕಬ್ಬಿಣದ ಡ್ರಮ್ಮು ಬಿಸಿಲಿಗೆ ಕಾಯುವುದು; ಗೋಡೆಗೆ ತಗುಲಿದ ಎಳೆಯ ಬೇರುಗಳು ಬೇಯುವುವು. ಆದುದರಿಂದ ಹೊರಗೆ ಸುಣ್ಣ ಬಳಿಯಬೇಕು, ಇಲ್ಲವೆ ಗೋಣಿಯನ್ನು ಸುತ್ತಿ ಆಗಾಗ್ಗೆ ತೋಯಿಸಬೇಕು. ಕಡುಬೇಸಗೆಯಲ್ಲಿ ದಿನಕ್ಕೊಂದು ಕೊಡ ನೀರು ತಪ್ಪದು. ತಳದಲ್ಲಿ ಐದಾರು ತೂತು, ಅದರ ಮೇಲೆ ಹೆಂಚಿನ ಚೂರು, ಆಮೇಲೆ ಮಣ್ಣು. ಸೋರಿದ ನೀರಿಗೆಂದು ಕೆಳಗೆ ತಟ್ಟೆಯನ್ನಿಟ್ಟರೆ ವಾರಕ್ಕೊಮ್ಮೆಯಾದರೂ ಅದನ್ನು ಚೆಲ್ಲಿ ಉಜ್ಜಿ ತೊಳೆಯಲೇಬೇಕು. ಡೆಂಗ್ಯೂ ಜ್ವರದ ಸೊಳ್ಳೆಗೆ ಅಷ್ಟು ನೀರೇ ಧಾರಾಳ. ಮಕ್ಕಳಿರುವ ಮನೆಗಳಲ್ಲಿ ಇದನ್ನು ಉಪೇಕ್ಷಿಸಲಾಗದು.

ಭಾರದ ಲೆಕ್ಕವೂ ಉಂಟು. ಪೂರ್ತಿ ಡ್ರಮ್ಮು 200 ಲೀಟರು, ಅರ್ಧವೆಂದರೆ 100. ಅಷ್ಟನ್ನು ಬರಿಯ ಎರೆಮಣ್ಣಿನಿಂದ ತುಂಬಿ ನೀರು ಹಾಕಿದರೆ 150 ಕಿಲೋ ಮೀರುವುದು. ಮಣ್ಣು ಒಂದು ಪಾಲು, ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು ಬೆರೆಸಿದರೆ ಭಾರವೂ ತಗ್ಗುವುದು, ತೇವವೂ ನಿಲ್ಲುವುದು. ಭತ್ತದ ಸೀಮೆಯಲ್ಲಿರುವ ನಮಗೆ ಅರ್ಧ ಸುಟ್ಟ ಹೊಟ್ಟು ದೊರೆಯುವುದು ಕಷ್ಟವಲ್ಲ. ಅದನ್ನೂ ಸ್ವಲ್ಪ ಸೇರಿಸಬಹುದು. ಎಲ್ಲಕ್ಕಿಂತ ಮುಖ್ಯವಾದುದು ಬೇರಿನ ಸುತ್ತು. ಮುಂದೆ ದಾರಿಯಿಲ್ಲದ ಬೇರು ಗೋಡೆಯ ಉದ್ದಕ್ಕೂ ಗಾಣದ ಎತ್ತಿನಂತೆ ಸುತ್ತುವುದು. ವರ್ಷಗಟ್ಟಲೆ ಹೀಗೆಯೇ ಬಿಟ್ಟು ಆಮೇಲೆ ನೆಲಕ್ಕಿಳಿಸಿದರೂ ಆ ಸುತ್ತು ಬಿಡದೆ, ಮರವು ದಪ್ಪವಾದಂತೆ ತನ್ನ ಕೊರಳನ್ನು ತಾನೇ ಬಿಗಿದುಕೊಳ್ಳುವುದು. ಆಲ, ಅರಳಿ, ಅತ್ತಿಗಳನ್ನಂತೂ ತೊಟ್ಟಿಯಲ್ಲಿ ಕೂಡಿಹಾಕುವ ಮಾತೇ ಬೇಡ.

ಪರದೇಶದವರು ಇದನ್ನು ಹೇಗೆ ಮಾಡುವರೆಂದು ಸೋದರಿಯವರ ಮಗನು ಕೇಳಿರಬಹುದು. ವಿಷಯ ಹಳೆಯದು. ಮೂರೂವರೆ ಸಾವಿರ ವರ್ಷಗಳ ಹಿಂದೆ ಈಜಿಪ್ಟಿನ ಹತ್ಶೆಪ್ಸುತ್ ರಾಣಿಯು ಪುಂಟ್ ದೇಶದಿಂದ ಧೂಪದ ಮರಗಳನ್ನು ಬೇರುಸಹಿತ ಬುಟ್ಟಿಗಳಲ್ಲಿ ಹಡಗಿಗೇರಿಸಿ ತರಿಸಿದ ಚಿತ್ರವು ಆಕೆಯ ದೇಗುಲದ ಗೋಡೆಯ ಮೇಲೆ ಇಂದಿಗೂ ಇದೆ. ಫ್ರಾನ್ಸಿನ ವರ್ಸಾಯ್ ಅರಮನೆಯಲ್ಲಿ 1684ರಿಂದ 1686ರವರೆಗೆ ಕಟ್ಟಿದ ಕಿತ್ತಳೆಯ ಮನೆಯಲ್ಲಿ ಸಾವಿರಕ್ಕೂ ಮಿಕ್ಕಿದ ಮರಗಳು ಪೆಟ್ಟಿಗೆಗಳಲ್ಲಿ ಬೆಳೆಯುತ್ತಿವೆ. ಚಳಿಗಾಲಕ್ಕೆ ಒಳಗೆ, ಬೇಸಗೆಗೆ ಹೊರಗೆ. ಅರಸರ ಮಾತು ಬೇರೆ, ಆಳುಗಳು ಉಂಟು. ಸಾಮಾನ್ಯರು ಮಾಡಿದುದು ನಮಗೆ ಹೆಚ್ಚು ಉಪಯುಕ್ತ. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1992ರಿಂದ ‘ಸಂಚಾರಿ ಮರಸಾಲು’ ಎಂಬುದೊಂದು ನಡೆದುಬಂದಿದೆ. ಗಾಲಿಯ ತೊಟ್ಟಿಗಳಲ್ಲಿರುವ ಕೆಲವೇ ಮರಗಳನ್ನು ನೆರಳಿಲ್ಲದ ಬೀದಿಗೆ ಎಳೆದು ತಂದು ಕೆಲವು ವಾರ ನಿಲ್ಲಿಸುವರು. ಆ ಬೀದಿಯವರೇ ನೀರೆರೆಯಬೇಕು. ಆಮೇಲೆ ಮೆರವಣಿಗೆಯಲ್ಲಿ ಮುಂದಿನ ಬೀದಿಗೆ. ಮರವು ಹೊರಟುಹೋದ ಮೇಲೆ ಬೀದಿಯು ಬಣಗುಟ್ಟುವುದಷ್ಟೆ; ಆಗ ಅಲ್ಲಿನವರು ನಮಗೆ ಸ್ಥಿರವಾದ ಮರಗಳು ಬೇಕೆಂದು ನಗರಸಭೆಯನ್ನು ಕೇಳುವರು. ನೆದರ್ಲೆಂಡ್ಸಿನ ಲೇವಾರ್ಡನ್ ಪಟ್ಟಣದಲ್ಲಿ 2022ರ ಬೇಸಗೆಯಲ್ಲಿ ಸಾವಿರಕ್ಕೂ ಹೆಚ್ಚು ಮರಗಳನ್ನು ಮರದ ತೊಟ್ಟಿಗಳಲ್ಲಿಟ್ಟು, ಸ್ವಯಂಸೇವಕರು ನೂರು ದಿನಗಳ ಕಾಲ ಊರಿನ ಬೀದಿಗಳಲ್ಲಿ ತಳ್ಳಿಕೊಂಡು ನಡೆದರು. ಕಾಡೇ ಪಾದಯಾತ್ರೆ ಹೊರಟಂತೆ! ಮುಗಿದ ಮೇಲೆ ಆ ಮರಗಳನ್ನು ಊರಿನ ಬಡಾವಣೆಗಳಲ್ಲಿ ನೆಲಕ್ಕಿಳಿಸಿದರು.

ಈ ಕೊನೆಯ ಎರಡು ಊರುಗಳವರು ಒಂದು ಸಂಗತಿಯನ್ನು ಸರಿಯಾಗಿ ತಿಳಿದಿದ್ದರೆಂದು ನಮಗೆ ತೋರುತ್ತದೆ. ಅತಿಥಿಯೆಂಬ ಪದವನ್ನು ನಮ್ಮ ಹಿರಿಯರು ಬಿಡಿಸುವಾಗ, ತಿಥಿ ಕಳೆದು ತಿಥಿಯಾಗುವವರೆಗೆ ನಿಲ್ಲದವನು ಎಂದು ಅರ್ಥ ಹೇಳುವರು. ತೊಟ್ಟಿಯ ಮರವು ಬೀದಿಗೆ ಬಂದ ಅತಿಥಿ. ಅದಕ್ಕೆ ಇದ್ದಷ್ಟು ದಿನ ಉಪಚಾರ, ಆಮೇಲೆ ಅದರದೇ ಆದ ನೆಲ. ಅತಿಥಿಯನ್ನು ಜಗುಲಿಯಲ್ಲಿಯೇ ಜೀವಮಾನವೆಲ್ಲ ಕೂರಿಸುವುದು ಸತ್ಕಾರವಲ್ಲ.

ನಮ್ಮಲ್ಲಿಯೂ ತಾತ್ಕಾಲಿಕವಾದ ಹಸಿರು ಹೊಸದಲ್ಲ. ಮದುವೆಯ ಚಪ್ಪರ, ತೇರಿಗೆ ಕಟ್ಟುವ ಬಾಳೆಯ ಕಂಬ, ಎರಡು ವರ್ಷಕ್ಕೊಮ್ಮೆ ನಡೆಯುವ ನಮ್ಮೂರ ದುರ್ಗಾಂಬಿಕೆಯ ಜಾತ್ರೆಯಲ್ಲಿ ಬಾಗಿಲಿಗೆ ಬಾಗಿಲು ಏರುವ ಮಾವಿನ ತೋರಣ, ಇವೆಲ್ಲ ಮೂರು ದಿನದ ಹಸಿರು. ಆದರೆ ಅವು ಕಡಿದು ತಂದವು. ನಮ್ಮನ್ನು ನೀರು ಕೇಳವು, ಬಾಡಿದರೆ ಯಾರ ಮೇಲೂ ದೂರಿಲ್ಲ. ತೊಟ್ಟಿಯದು ಜೀವದ ಹಸಿರು. ಬೆಂಗಳೂರಿನ ಲಾಲ್‌ಬಾಗಿನಲ್ಲಿ, 1889ರಲ್ಲಿ ಅಸ್ತಿಭಾರ ಹಾಕಿದ ಗಾಜಿನ ಮನೆಯಲ್ಲಿ ವರ್ಷಕ್ಕೆರಡು ಬಾರಿ ಪುಷ್ಪಪ್ರದರ್ಶನ ನಡೆಯುವುದನ್ನು ವಾಚಕರು ನೋಡಿರಬಹುದು. ಕುಂದುವಾಡ ಕೆರೆಯ ಸಮೀಪದಲ್ಲಿ ನಮಗೂ ಒಂದು ಗಾಜಿನ ಮನೆಯಿದೆ. ಅಂತಹ ಪ್ರದರ್ಶನಗಳಲ್ಲಿ ಕುಂಡದ ಹಿಂದೆಯೇ ಮಾಲಿಯೂ ಬರುವನು, ಕುಂಡದೊಡನೆಯೇ ಹಿಂದಿರುಗುವನು. ನಾವು ಕಂಡ ಇನ್ನೊಂದು ಸಮಾರಂಭದ ರೀತಿ ಬೇರೆ. ಊರಿನ ಹೆಸರೂ ಬೇಡ, ಮಾಡಿದವರ ಹೆಸರೂ ಬೇಡ. ದೊಡ್ಡವರೊಬ್ಬರು ಬರುವರೆಂದು ರಸ್ತೆಯ ಎರಡು ಮಗ್ಗುಲಿಗೂ ಆಳೆತ್ತರದ ಮರಗಳ ಕುಂಡಗಳನ್ನು ಸಾಲಾಗಿ ನಿಲ್ಲಿಸಿದರು. ದೊಡ್ಡವರು ಬಂದರು, ಚಿತ್ರ ತೆಗೆದರು, ಹೋದರು. ಹದಿನೈದು ದಿನಗಳ ಮೇಲೆ ನಾವು ಆ ದಾರಿಯಲ್ಲಿ ಹೋದಾಗ ಒಣಗಿದ ಕಡ್ಡಿಗಳ ಬುಡದಲ್ಲಿ ಎಲೆಯಡಿಕೆಯ ಉಗುಳು ತುಂಬಿದ್ದಿತು. ಇಂತಹದಕ್ಕಿಂತ ಬರಿಯ ರಸ್ತೆಯೇ ಮೇಲು. ಅದು ತನ್ನಲ್ಲಿ ಮರವಿಲ್ಲವೆಂಬುದನ್ನಾದರೂ ಒಪ್ಪಿಕೊಂಡಿರುವುದು. ಅಲ್ಲದೆ ಇಂದು ಒಂದು ದೊಡ್ಡ ಮರವನ್ನು ಕಡಿದವರು ನಾಳೆ ಆ ಸ್ಥಳದಲ್ಲಿ ಎರಡು ಕುಂಡಗಳನ್ನಿಟ್ಟು ಲೆಕ್ಕ ಸರಿಹೋಯಿತೆಂದರೆ ಎದುರು ನಿಂತು ಕೇಳುವವರು ಬೇಕು. ಗೇಟು ಹಿಡಿದು ನಿಂತ ನಾವು ಈ ಮಾತನ್ನು ಹೇಳುವ ಅಧಿಕಾರವನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದ್ದೇವೆಯೋ!

ಹಾಗಾದರೆ ಸಾಗುವ ಮರಕ್ಕೇ ತಕ್ಕ ಸ್ಥಳ ಯಾವುದೂ ಇಲ್ಲವೆ ಎಂದರೆ, ಹರಿಹರದಲ್ಲಿಯೇ ಉಂಟು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥನಾದ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿಯಂತಹ ಹಳೆಯ ಕಲ್ಲುಕಟ್ಟಡದ ಮಗ್ಗುಲಲ್ಲಿ ಅರಳಿಯನ್ನೊ ಆಲವನ್ನೊ ನೆಟ್ಟರೆ ಬೇರು ಕಲ್ಲಿನ ಸಂದಿಗೆ ನುಗ್ಗುವುದು. ಅಲ್ಲಿ ಮೇರೆಯರಿತ ತೊಟ್ಟಿಯೇ ಲೇಸು. ತೇರು ಎಳೆಯುವ ಬೀದಿಗಳಲ್ಲಿಯೂ ಹಾಗೆಯೇ. ವರ್ಷದ ಒಂದು ದಿನ ಗಾಲಿಗೆ ದಾರಿ ಬಿಡಬೇಕಾದಲ್ಲಿ ಗಾಲಿಯ ಮೇಲಿನ ಮರವು ಪಕ್ಕಕ್ಕೆ ಸರಿದು ನಿಂತೀತು. ಹರಿಯನ್ನೂ ಹರನನ್ನೂ ಒಂದೇ ಮೈಯಲ್ಲಿ ನಿಲ್ಲಿಸಿಕೊಂಡ ಊರಿಗೆ ಸ್ಥಾವರ ಜಂಗಮಗಳನ್ನು ಒಂದುಮಾಡಿಕೊಳ್ಳುವುದು ಕಷ್ಟವಾಗದು.

ಸೊಪ್ಪಿನಮ್ಮನ ಹೊಂಗೆಯ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೇವೆ. ಆಕೆ ಸೊಪ್ಪಿಗೆ ಚಿಮುಕಿಸಲೆಂದು ತಂದ ನೀರಿನಲ್ಲಿ ಉಳಿದುದನ್ನು ಹೋಗುವ ಮೊದಲು ತೊಟ್ಟಿಗೆ ಸುರಿಯುವಳು. ನಮ್ಮ ಮನೆಯವರು ಅಕ್ಕಿ ತೊಳೆದ ನೀರನ್ನು ಕೊಡುವರು. ಬಾಡಿದ ಸೊಪ್ಪೂ ಬೇರಿನ ಕಡ್ಡಿಗಳೂ ಬುಡಕ್ಕೆ. ಒಂದು ದಿನವೂ ತಪ್ಪಿದುದನ್ನು ನಾವು ಕಾಣೆವು. ಆಕೆ ಬಾರದ ದಿನಗಳಲ್ಲಿ ಗಿರಣಿಯ ಹುಡುಗನಿಗೆ ಅಪ್ಪಣೆಯಾಗಿರುತ್ತಿದ್ದಿತು. ಮೊದಲ ವರ್ಷ ಆ ಗಿಡದ ನೆರಳು ಬಿಚ್ಚಿದ ಕೊಡೆಯಷ್ಟೂ ಇರಲಿಲ್ಲ. ನಾವು ಸಂಕೋಚದಿಂದ, “ಇದರಲ್ಲಿ ನಿಮಗೆಲ್ಲಿಯ ನೆರಳಮ್ಮ?” ಎಂದೆವು. “ನನಗ್ಯಾಕ್ರೀ ಮೇಷ್ಟ್ರೇ ನೆಳ್ಳು? ಸೊಪ್ಪಿಗೆ ಬಿದ್ರೆ ಸಾಕು” ಎಂದಳು.

ಆಕೆ ಮಾಡಿದ ಮುಖ್ಯ ಕಾರ್ಯವು ಬೇರೆ. ಅದು ಆಕೆಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ. 2025ರ ಬೇಸಗೆಯಲ್ಲಿ, ಗಿಡವು ಒಂಬತ್ತಡಿಯಾಗಿ ಬುಟ್ಟಿಗೆ ಪೂರ್ತಿ ನೆರಳು ಬೀಳುವಂತಾದಾಗ, ಆಕೆ ಗಿರಣಿಯ ಹುಡುಗನಿಂದ ತೊಟ್ಟಿಯನ್ನು ಆಗಾಗ್ಗೆ ಒಂದೊಂದು ಮಾರು ಸರಿಸಿಕೊಳ್ಳುತ್ತಿದ್ದಳು. ನಮ್ಮ ಗೇಟಿನ ಬಳಿ ಇಟ್ಟರೆ ಕಸದ ಗಾಡಿ ತಿರುಗಲಾರದು. ಮೂಲೆಯಲ್ಲಿಟ್ಟರೆ ಎದುರು ಮಹಡಿಯ ನೆರಳೇ ಸಾಕಾಗುವುದು, ಮರ ಬೇಡ. ನಮ್ಮ ಊರು 14 ಅಂಶಗಳನ್ನು ಸ್ವಲ್ಪ ಮೀರಿದ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಲ್ಲಿ ನಡುಹಗಲ ಸೂರ್ಯನು ನೆತ್ತಿಯ ಮೇಲೆಯೇ ಇರುವನು. ಹತ್ತು ಗಂಟೆಯ ಬಿಸಿಲನ್ನು ತಡೆಯಬೇಕಾದರೆ ಮರವು ಬುಟ್ಟಿಗೆ ಪೂರ್ವದಲ್ಲಿ, ಬಹಳ ಸಮೀಪದಲ್ಲಿ ಇರಬೇಕು. ಇದನ್ನು ನಾವು ಪುಸ್ತಕದಿಂದ ಹೇಳುತ್ತಿದ್ದೇವೆ; ಆಕೆ ಕಾಲಿನಿಂದ ಕಂಡುಹಿಡಿದಳು. ನಮ್ಮ ಮೊಮ್ಮಗಳು ರಜೆಯ ದಿನಗಳಲ್ಲಿ ಒಂಬತ್ತಕ್ಕೆ, ಹತ್ತಕ್ಕೆ, ಹನ್ನೊಂದಕ್ಕೆ ನೆರಳಿನ ಅಂಚನ್ನು ಸೀಮೆಸುಣ್ಣದಿಂದ ಸಿಮೆಂಟಿನ ಮೇಲೆ ಗೀಚುತ್ತಿದ್ದಳು. ವೈಶಾಖ ಮುಗಿಯುವ ವೇಳೆಗೆ ತೊಟ್ಟಿಯು ಗಿರಣಿಯ ಗೋಡೆಯ ತುದಿಯಲ್ಲಿ ಒಂದು ಜಾಗಕ್ಕೆ ಬಂದು ನಿಂತಿತು, ಮತ್ತೆ ಅಲ್ಲಿಂದ ಕದಲಲಿಲ್ಲ.

ಅಲ್ಲಿಯೇ ನೆಲವನ್ನು ಬಿಡಿಸಬೇಕೆಂದು ಬೀದಿಯವರೆಲ್ಲ ಸಹಿ ಮಾಡಿ ಸಂಬಂಧಪಟ್ಟವರಿಗೆ ಅರ್ಜಿ ಕೊಟ್ಟೆವು. ಅರ್ಜಿಯನ್ನು ಬರೆದವರು ನಾವು. ಮೂರು ಬಾರಿ ಅಲೆದವರೂ ನಾವೇ; ನಿವೃತ್ತರಿಗೆ ಬೇರೆ ಕೆಲಸವೇನು? ಕೆಳಗೆ ಕೊಳವೆಯಿಲ್ಲವೆಂದು ನೋಡಿಕೊಂಡು ನಾಲ್ಕಡಿ ಚೌಕ ಸಿಮೆಂಟನ್ನು ಒಡೆಯಲು ಅನುಮತಿ ದೊರೆಯಿತು. ಈ ಸಾರಿ ಕಾಗದವನ್ನು ಕೇಳಿ ಪಡೆದು ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಜೂನಿನ ಮೊದಲ ಒಳ್ಳೆಯ ಮಳೆ ಬಿದ್ದ ಮಾರನೆಯ ದಿನ ಗ್ಯಾರೇಜಿನ ಸಾಹೇಬರು ಡ್ರಮ್ಮಿನ ಒಂದು ಮಗ್ಗುಲನ್ನು ಕೊಯ್ದು ಗಿಡವನ್ನು ಮಣ್ಣಿನ ಗಡ್ಡೆಸಮೇತ ಹೊರಕ್ಕೆ ತೆಗೆದರು. ಬೇರು ಆಗಲೇ ಎರಡು ಸುತ್ತು ಬಂದಿದ್ದಿತು. ಹರಿತವಾದ ಚಾಕುವಿನಿಂದ ನಾಲ್ಕು ಕಡೆ ಉದ್ದಕ್ಕೆ ಸೀಳಿ, ಸುತ್ತಿದುದನ್ನು ಬಿಡಿಸಿ, ಗುಂಡಿಗೆ ಇಳಿಸಿದೆವು. ತುಪ್ಪ ಜೇನುಗಳಿಲ್ಲದಿದ್ದರೂ ಸಗಣಿಯ ಬಗ್ಗಡದಲ್ಲಿ ಶಾಸ್ತ್ರಕ್ಕೆ ಕೊರತೆಯಾಗಲಿಲ್ಲ. ಮೂರು ತಿಂಗಳು ಅದು ಒಂದೂ ಹೊಸ ಎಲೆಯನ್ನು ಬಿಡದೆ ನಮ್ಮೆಲ್ಲರ ಮುಖ ನೋಡಿಸಿತು. ಸೊಪ್ಪಿನಮ್ಮನೊಬ್ಬಳೇ ಗಾಬರಿಯಾಗಲಿಲ್ಲ; “ಈಗ ತಾನೇ ತವರಿಗೆ ಬಂದೈತಿ, ಕೂತು ಸುಧಾರಿಸ್ಕೊಳ್ಳಲಿ ಬಿಡ್ರಿ” ಎಂದಳು. ನವರಾತ್ರಿಯ ವೇಳೆಗೆ ತುದಿಯಲ್ಲಿ ಚಿಗುರು ಕಂಡಿತು.

ಹರಿಹರದ ಸೋದರಿಯವರಿಗೆ ನಾವು ಬಿನ್ನವಿಸತಕ್ಕದ್ದು ಇಷ್ಟು. ನಾವು ಹಾಳುಮಾಡಿಕೊಂಡ ತೊಟ್ಟಿ ಖಾಲಿಯಾಗಿ ನಮ್ಮ ಹಿತ್ತಿಲಲ್ಲಿ ಬಿದ್ದಿದೆ. ಸಾಹೇಬರು ಅದರ ಒಂದು ಗಾಲಿಯನ್ನು ಬದಲಾಯಿಸಿ ಸುಣ್ಣ ಬಳಿಸಿದ್ದಾರೆ. ತಳದ ಆರು ತೂತುಗಳನ್ನು ನಾವೇ ಕಡ್ಡಿ ಹಾಕಿ ನೋಡಿದ್ದೇವೆ. ಮನೆಯ ಗುರುತನ್ನು ಬರೆದು ತಿಳಿಸಿದರೆ ಮುಂದಿನ ವಾರ ಹೊಳೆಯ ಕಡೆಗೆ ಬರುವ ಲಗೇಜು ಆಟೋದಲ್ಲಿ ಹೊಂಗೆಯ ಸಸಿಯೊಂದರ ಸಹಿತ ಕಳುಹಿಸಿಕೊಡುತ್ತೇವೆ. ಬೇಸಗೆಯಲ್ಲಿ ಊರಿಗೆ ಹೋಗುವುದಿದ್ದರೆ ನೀರೆರೆಯುವವರು ಯಾರೆಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಂಡು ಹೊರಡಬೇಕು.